ಕಲ್ಯಾಣದ ವ್ಯಾಪಾರಿಯ ತೊಟ್ಟಿ

ಇವತ್ತು ಬಿ.ಎ.ಗೆ ಫೀಸು ಕಟ್ಟಿ ಬಂದೆ. ಇತಿಹಾಸ ತಗೊಂಡಿದ್ದೀನಿ. ಕಾಮರ್ಸ್ ಸೀಟು ಸಿಕ್ಕಿತ್ತು, ಬಿಟ್ಟೆ.

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ವಾರದಿಂದ ಇದೇ ಮಾತು. ಅಪ್ಪ ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕೂರೋಕೆ ಶುರು ಮಾಡಿ 22 ವರ್ಷ. "ಅದನ್ನ ಓದಿ ಮುಂದೇನು ಮಾಡ್ತೀಯ ಮಗಳೇ?" ಅಂತ ಕೇಳಿದರು. ಸಿಟ್ಟಿನಿಂದಲ್ಲ, ಭಯದಿಂದ. ಆ ಭಯ ನನಗೂ ಇದೆ. ಮನೆ ಸಾಲ ಇನ್ನೂ ತೀರಿಲ್ಲ.

ಹೋದ ಭಾನುವಾರ ಅಪ್ಪನನ್ನು ಬೋರಿವಲಿಯ ಕನ್ಹೇರಿ ಗುಹೆಗಳಿಗೆ ಕರೆದುಕೊಂಡು ಹೋದೆ. ಒಂದೇ ಬೆಟ್ಟದಲ್ಲಿ ಬೌದ್ಧ ಭಿಕ್ಷುಗಳಿಗಾಗಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳು. ಮಳೆನೀರು ಇಳಿದು ಬರಲು ಬಂಡೆಯಲ್ಲೇ ಸಣ್ಣ ಕಾಲುವೆ, ಕೆಳಗೆ ಕಲ್ಲಿನ ತೊಟ್ಟಿ. ಗೋಡೆಯ ಮೇಲೆ ಬ್ರಾಹ್ಮಿ ಅಕ್ಷರಗಳು. ನಮ್ಮ ಕನ್ನಡ ಲಿಪಿ ಹುಟ್ಟಿದ್ದೂ ಅದರಿಂದಲೇ. ಗುಹೆ, ತೊಟ್ಟಿ ಮಾಡಿಸಿಕೊಟ್ಟವರ ಹೆಸರು, ಊರು ಎಲ್ಲ ಬರೆದಿದ್ದಾರೆ. ಅವರಲ್ಲಿ ಕಲ್ಯಾಣದ ವ್ಯಾಪಾರಿಗಳೂ ಇದ್ದಾರೆ. ದಿನಾ ನಮ್ಮ ಲೋಕಲ್ ರೈಲು ನಿಲ್ಲುವ ಅದೇ ಕಲ್ಯಾಣ! ಸಾವಿರದ ಏಳೆಂಟುನೂರು ವರ್ಷದ ಹಿಂದೆ ಯಾರೋ ಅಂಗಡಿಯವನು ದುಡಿದ ದುಡ್ಡಲ್ಲಿ ಬೇರೆಯವರ ಬಾಯಾರಿಕೆಗೆ ನೀರು ಇಟ್ಟಿದ್ದಾನೆ.

ಇದನ್ನು ಹೇಳಿದಾಗ ಅಪ್ಪ ಕನ್ನಡಕ ಒರೆಸಿಕೊಂಡು ಆ ಗೀರುಗಳ ಹತ್ತಿರ ಬಗ್ಗಿದರು. ತುಂಬಾ ಹೊತ್ತು ನೋಡಿದರು. "ಲೆಕ್ಕ ಬರೆದಿಟ್ಟ ಹಾಗೇ ಇದೆ, ಅಲ್ವಾ?" ಅಂದರು.

ಕೆಲಸ ಸಿಗುತ್ತೋ ಇಲ್ಲವೋ, ನಿಜವಾಗಿ ಗೊತ್ತಿಲ್ಲ. ಆದರೆ ಆ ಗೋಡೆ ಮುಂದೆ ನಿಂತಾಗ ಆದ ಖುಷಿ ನನಗೆ ಬ್ಯಾಲೆನ್ಸ್ ಶೀಟಿನಲ್ಲಿ ಯಾವತ್ತೂ ಆಗಿಲ್ಲ.

ಬೆಳಿಗ್ಗೆ ಫೀಸಿನ ದುಡ್ಡು ಕೈಗಿಡುವಾಗ ಅಪ್ಪ ಹೇಳಿದ್ದು ಇಷ್ಟೇ: "ಆ ಅಕ್ಷರ ಓದೋದು ಕಲಿತ ಮೇಲೆ ಇನ್ನೊಂದ್ಸಲ ಹೋಗೋಣ."