ಅಪ್ಲೈಡ್ ಸ್ಟ್ಯಾಟಿಸ್ಟಿಕ್ಸ್ ಎಂಎಸ್ಸಿ ಎಲ್ಲಿ ಮಾಡ್ಲಿ ಅಂತ ಕೇಳುವವರಿಗೆ

"ಮೇಡಂ, ಅಪ್ಲೈಡ್ ಸ್ಟ್ಯಾಟಿಸ್ಟಿಕ್ಸ್‌ಗೆ ಯಾವ ಯೂನಿವರ್ಸಿಟಿ ಬೆಸ್ಟ್?" ಬಿಎಸ್ಸಿ ಕೊನೆಯ ಸೆಮಿಸ್ಟರ್ ಶುರುವಾದರೆ ಸಾಕು, ಇದೇ ಪ್ರಶ್ನೆ. ಮಕ್ಕಳು ಕೇಳುತ್ತಾರೆ, ಅವರ ಅಪ್ಪ ಅಮ್ಮ ಕೇಳುತ್ತಾರೆ, ಮದುವೆ ಊಟಕ್ಕೆ ಪಕ್ಕದಲ್ಲಿ ಕೂತವರೂ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ.

ಅಪ್ಲೈಡ್ ಸ್ಟ್ಯಾಟಿಸ್ಟಿಕ್ಸ್ ಅಂದರೆ ಸಂಖ್ಯಾಶಾಸ್ತ್ರವನ್ನು ನಿಜವಾದ ಡೇಟಾಕ್ಕೆ ಬಳಸುವುದು. ಅದಕ್ಕೆ ಎಲ್ಲರಿಗೂ ಬೆಸ್ಟ್ ಅನ್ನುವಂಥ ಯೂನಿವರ್ಸಿಟಿ ಇಲ್ಲ. ಐಎಸ್ಐ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಕೊಡುವ ಸ್ನಾತಕೋತ್ತರ ಪದವಿ ಎಂ.ಸ್ಟ್ಯಾಟ್‌ಗೆ ಅವರದೇ ಪ್ರವೇಶ ಪರೀಕ್ಷೆ ಇದೆ. ಸೀಟು ಸಿಕ್ಕಿದರೆ ಸ್ಟೈಪೆಂಡ್ ಕೊಡುತ್ತಾರೆ. ಐಐಟಿಗಳಿಗೆ ಜ್ಯಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಮೂರು ಗಂಟೆ, 100 ಅಂಕ. ಧಾರವಾಡ, ಮೈಸೂರು, ಬೆಂಗಳೂರಿನ ವಿವಿಗಳಲ್ಲೂ ಸ್ಟ್ಯಾಟಿಸ್ಟಿಕ್ಸ್ ವಿಭಾಗ ಇದೆ. ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ.

ನನಗೆ ಸಿಟ್ಟು ಬರುವುದು ಇದರ ಬೆನ್ನಿಗೇ ಬರುವ ಮಾತಿಗೆ. ಒಬ್ಬ ತಂದೆ ಫೋನ್ ಮಾಡಿದ್ದರು. "ನಮ್ಮ ಹುಡುಗನಿಗೆ ಮ್ಯಾತ್ಸ್ ಅಷ್ಟಕ್ಕಷ್ಟೆ ಮೇಡಂ. ಅದಕ್ಕೇ ಅಪ್ಲೈಡ್ ಹಾಕ್ಸೋಣ ಅಂತ. ಅದ್ರಲ್ಲಿ ಥಿಯರಿ ಇರಲ್ಲ ಅಲ್ವಾ?"

ಇರುತ್ತದೆ ಸ್ವಾಮಿ. ಹುಟ್ಟಿದ ವರ್ಷ, ಅದರಿಂದಲೇ ಲೆಕ್ಕ ಹಾಕಿದ ವಯಸ್ಸು ಎರಡನ್ನೂ, ಹಲವು ಅಂಶಗಳಿಂದ ಒಂದನ್ನು ಅಂದಾಜು ಮಾಡುವ ಒಂದೇ ರಿಗ್ರೆಷನ್‌ಗೆ ಹಾಕಿ ನೋಡಿ. ಆರ್ ಸಾಫ್ಟ್‌ವೇರ್ ಆ ಎರಡರಲ್ಲಿ ಒಂದರ ಮುಂದೆ ಸಂಖ್ಯೆಯ ಬದಲು ಎನ್‌ಎ ಅಂತ ತೋರಿಸುತ್ತದೆ. ಯಾಕೆ ಅಂತ ತಿಳಿಯಲು ಲೀನಿಯರ್ ಆಲ್ಜೀಬ್ರಾ ಬೇಕು. ಅದು ಬರದವನು ಸುಮ್ನೆ ಬಟನ್ ಒತ್ತುತ್ತಾನೆ, ಬಂದ ಉತ್ತರವನ್ನು ನಂಬುತ್ತಾನೆ. ಆ ಉತ್ತರದ ಮೇಲೆ ಯಾರೋ ಔಷಧಿ ಕೊಡುತ್ತಾರೆ, ಯಾರೋ ಸಾಲ ಕೊಡುತ್ತಾರೆ.

ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು. ಒಂದು ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಲ್ಲದು ಅನ್ನುವ ಮಿತಿ ಹೇಳುವ ಕ್ರಾಮರ್-ರಾವ್ ಅಸಮತೆ ಬಂದದ್ದು ಅವರ 1945ರ ಲೇಖನದಿಂದ. ಮರುವರ್ಷವೇ ಕೇಂಬ್ರಿಡ್ಜಿಗೆ ಹೋದರು. ಅಲ್ಲಿ ಮಾಡಿದ್ದೇನು? ಸುಡಾನಿನ ಜೆಬೆಲ್ ಮೋಯಾದಲ್ಲಿ ಸಿಕ್ಕ ಹಳೆಯ ಮೂಳೆಗಳ ಅಳತೆಗಳ ವಿಶ್ಲೇಷಣೆ. ಹಲವು ಅಳತೆಗಳನ್ನು ಒಟ್ಟಿಗೆ ಇಟ್ಟು ಗುಂಪುಗಳನ್ನು ಬೇರೆ ಮಾಡುವ ವಿಧಾನವನ್ನು ಅದೇ ದಿನಗಳಲ್ಲಿ ಬೆಳೆಸಿದರು. ಥಿಯರಿ ಒಂದು ಕಡೆ, ಅಪ್ಲೈಡ್ ಇನ್ನೊಂದು ಕಡೆ ಅಂತ ಅವರು ಗೋಡೆ ಕಟ್ಟಲಿಲ್ಲ.

ಯಾರಾದರೂ ನನ್ನನ್ನು ಹೀಗೆ ಕೇಳಬಾರದೇ: "ಮೇಡಂ, ಅಲ್ಲಿ ಎರಡು ವರ್ಷ ನಮ್ಮ ಕೈಗೆ ಎಂಥ ಡೇಟಾ ಕೊಡ್ತಾರೆ?" ಬಹಳ ಕಡೆ 150 ಐರಿಸ್ ಹೂವುಗಳ ಅಳತೆಯಲ್ಲೇ ಪ್ರಾಕ್ಟಿಕಲ್ ಮುಗಿಯುತ್ತದೆ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಬಳಸಿದ, ಒಂದು ಸಾಲೂ ಖಾಲಿ ಇಲ್ಲದ ಡೇಟಾ ಅದು. ಹೊರಗೆ ಸಿಗುವುದು ಹಾಗಿರಲ್ಲ. ವಯಸ್ಸಿನ ಕಾಲಂನಲ್ಲಿ 999 (ಉತ್ತರ ಸಿಕ್ಕಿಲ್ಲ ಅನ್ನುವ ಗುರುತು) ಇರುತ್ತದೆ, ಒಂದೇ ಹಳ್ಳಿಯ ಹೆಸರು ಮೂರು ಥರ ಇರುತ್ತದೆ, ಅರ್ಧ ಜನ ಆದಾಯ ಹೇಳಿರುವುದಿಲ್ಲ. ಪ್ರಶ್ನಾವಳಿ ಹಿಡಿದು ಮನೆ ಬಾಗಿಲಿಗೆ ಹೋದವರಿಗೆ ಮಾತ್ರ ಅದು ಯಾಕೆ ಹಾಗೆ ಅಂತ ಗೊತ್ತಾಗುತ್ತದೆ. ಅಂಥ ಕೆಲಸ ಮಾಡಿಸುವ ವಿಭಾಗ ಸಣ್ಣದಾದರೂ ಸೇರಿ ಅನ್ನುತ್ತೇನೆ.

ಸೇರುವ ಮೊದಲು ಹೋಗಿ ಹಿಂದಿನ ಬ್ಯಾಚಿನ ಪ್ರಾಜೆಕ್ಟ್ ರಿಪೋರ್ಟ್ ತೋರಿಸಿ ಅಂತ ಕೇಳಿ. ಸ್ಯಾಂಪ್ಲಿಂಗ್ (ಕೆಲವರನ್ನು ಆರಿಸಿ ಅಳೆಯುವುದು), ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್ (ಪ್ರಯೋಗವನ್ನು ಯೋಜಿಸುವುದು) ಕಡ್ಡಾಯವೋ ಐಚ್ಛಿಕವೋ ನೋಡಿ. ಐಎಸ್‌ಎಸ್ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆ) ಬರೆಯುವ ಆಸೆ ಇದ್ದರೆ ಪದವಿಯ ಹೆಸರನ್ನೂ ನೋಡಿ. ಯುಪಿಎಸ್‌ಸಿ ಕೇಳುವುದು ಸ್ಟ್ಯಾಟಿಸ್ಟಿಕ್ಸ್, ಮ್ಯಾಥಮೆಟಿಕಲ್ ಸ್ಟ್ಯಾಟಿಸ್ಟಿಕ್ಸ್ ಅಥವಾ ಅಪ್ಲೈಡ್ ಸ್ಟ್ಯಾಟಿಸ್ಟಿಕ್ಸ್. ಬಿಎಸ್ಸಿಯಲ್ಲಿ ಸ್ಟ್ಯಾಟ್ಸ್ ಓದದವರು ಡೇಟಾ ಸೈನ್ಸ್ ಎಂಎಸ್ಸಿಗೆ ಫೀಸ್ ಕಟ್ಟುವ ಮೊದಲು ಆ ನೋಟಿಫಿಕೇಷನ್ ಪೂರ್ತಿ ಓದಲಿ.