ಬೀಡಿ ತಡ್ಪೆ ಪಕ್ಕದ ಮಗ್ಗಿ

ಎಸೆಸೆಲ್ಸಿ ರಿಸಲ್ಟ್ ಬಂದ ದಿನ ನಮ್ಮಲ್ಲಿ ಒಂದೇ ಮಾತು, ಉಡುಪಿ ಫಸ್ಟಾ ದಕ್ಷಿಣ ಕನ್ನಡ ಫಸ್ಟಾ ಅಂತ. 2024ರಲ್ಲಿ ಉಡುಪಿ, 2025ರಲ್ಲಿ ನಮ್ಮ ಜಿಲ್ಲೆ. ಖುಷಿ ಆಗ್ತದೆ ನಿಜ, ಆದ್ರೆ ಅದೆಲ್ಲ ಮನೆಯವ್ರು ಓದಿಸಿದ್ದಕ್ಕೆ ಅಂತ ಹೇಳಿ ಮುಗಿಸುದು ನಂಗೆ ಸರಿ ಕಾಣುದಿಲ್ಲ.

ನಾನು ಓದಿದ್ದು ಮಂಗಳೂರಿನ ಹೊರಗಿನ ಒಂದು ಸರ್ಕಾರಿ ಶಾಲೇಲಿ. ಅಮ್ಮ ಬೀಡಿ ಕಟ್ತಿದ್ರು. ಸಂಜೆ ಆಯ್ತು ಅಂದ್ರೆ ಮಡಿಲಲ್ಲಿ ತಡ್ಪೆ, ಅಂದ್ರೆ ಮೊರ, ಅದ್ರಲ್ಲಿ ಎಲೆ, ಹೊಗೆಸೊಪ್ಪು, ನೂಲು, ನಾನು ಪಕ್ಕದಲ್ಲಿ ಕೂತು ಮಗ್ಗಿ ಹೇಳ್ಬೇಕು. ಅವ್ರು ಓದಿದ್ದು ನಾಲ್ಕನೇ ಕ್ಲಾಸು, ಹದಿಮೂರರ ಮಗ್ಗಿ ಬರ್ತಿರ್ಲಿಲ್ಲ, ಆದ್ರೂ ನಾನು ತಡವರಿಸಿದ್ರೆ ಗೊತ್ತಾಗ್ತಿತ್ತು, ಕೈ ನಿಲ್ಲಿಸದೆ "ಇನ್ನೊಮ್ಮೆ ಹೇಳು" ಅಂತಿದ್ರು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು, ಹಾಗಾಗಿ ಇಪ್ಪತ್ತೈದರ ಮಗ್ಗಿ ನನಗಿಂತ ಅವ್ರಿಗೇ ಚೆನ್ನಾಗಿ ಬರ್ತಿತ್ತು.

ಏಳನೇ ಕ್ಲಾಸಲ್ಲಿ ಗಣಿತದ ಮಾಷ್ಟ್ರಿಗೆ ಟ್ರಾನ್ಸ್‌ಫರ್ ಆಯ್ತು, ಅವ್ರ ಜಾಗಕ್ಕೆ ಯಾರೂ ಬರ್ಲಿಲ್ಲ. ಅಮ್ಮ ಎಂದಿನ ಹಾಗೆ ಪಕ್ಕದಲ್ಲೇ ಕೂತಿದ್ರು, ಬೀಜಗಣಿತದ ಪುಟ ಮಾತ್ರ ಹಾಗೇ ತೆರೆದುಕೊಂಡು ಇರ್ತಿತ್ತು, ಕೇಳ್ಲಿಕ್ಕೆ ಜನ ಇಲ್ಲ. ಪಕ್ಕದ್ಮನೆ ಹುಡುಗನ ಅಪ್ಪ ಗಲ್ಫಲ್ಲಿ, ಅವ್ನಿಗೆ ಟ್ಯೂಷನ್ ಇತ್ತು.

1966ರಲ್ಲಿ ಅಮೆರಿಕದಲ್ಲಿ ಕೋಲ್ಮನ್ ವರದಿ ಅಂತ ಬಂತು, ಶಾಲೆಗೆ ಸುರಿಯುವ ದುಡ್ಡಿಗಿಂತ ಮಗುವಿನ ಮನೆ ಪರಿಸ್ಥಿತಿಯೇ ಹೆಚ್ಚು ಕೆಲ್ಸ ಮಾಡ್ತದೆ ಅಂತ ಅದ್ರಲ್ಲಿ ಉಂಟು. ನಮ್ಮಮ್ಮನನ್ನ ನೋಡಿದವ್ನಿಗೆ ಅದು ಸುಳ್ಳು ಅನ್ಸುದಿಲ್ಲ. ಆದ್ರೆ ಇಲ್ಲಿ ಆಗುದು ನೋಡಿ, ಮಕ್ಕಳ ಸಂಖ್ಯೆ ನೋಡಿ ಟೀಚರ್ ಕೊಡ್ತಾರೆ, ಟೀಚರ್ ಇಲ್ಲ ಅಂತ ಫೀಸು ಕಟ್ಲಿಕ್ಕೆ ಆಗುವವ್ರು ಮಕ್ಕಳನ್ನ ಇಂಗ್ಲಿಷ್ ಮೀಡಿಯಂ ವ್ಯಾನಿಗೆ ಹತ್ತಿಸ್ತಾರೆ, ಸಂಖ್ಯೆ ಇಳೀತದೆ, ಆಗ ಇದ್ದ ಟೀಚರನ್ನೂ ಹೆಚ್ಚುವರಿ ಅಂತ ಬೇರೆ ಕಡೆ ಹಾಕ್ತಾರೆ. ಕೊನೆಗೆ ಉಳಿಯುದು ಬೇರೆ ದಾರಿಯೇ ಇಲ್ಲದ ಮನೆಯ ಮಕ್ಕಳು. ಶಾಲೆ ಯಾರಿಗೆ ಎಲ್ಲಕ್ಕಿಂತ ಜಾಸ್ತಿ ಬೇಕೋ ಅವ್ರಿಗೇ ಶಾಲೆ ಇಲ್ಲ.

ಹರೇಕಳ ಹಾಜಬ್ಬರು ಶಾಲೆ ಮೆಟ್ಟಿಲು ಹತ್ತಿದವ್ರಲ್ಲ, ಮಂಗಳೂರಲ್ಲಿ ಕಿತ್ತಳೆ ಮಾರಿ ಉಳಿಸಿದ ದುಡ್ಡಲ್ಲಿ ತಮ್ಮೂರು ನ್ಯೂಪಡ್ಪುವಿಗೆ ಶಾಲೆ ತಂದ್ರು, ಪದ್ಮಶ್ರೀ ಬಂತು. ಅವ್ರನ್ನ ನೆನೆದ್ರೆ ಕೈ ಮುಗಿಬೇಕು ಅನ್ನಿಸ್ತದೆ, ಜೊತೆಗೇ ಒಬ್ಬ ಕಿತ್ತಳೆ ಮಾರುವವ್ರ ಮೇಲೆ ಇಷ್ಟು ಭಾರ ಬೀಳ್ಬಾರದಿತ್ತು ಅಂತ ಹೊಟ್ಟೆ ಉರೀತದೆ.

ಈ ವರ್ಷ ನಮ್ಮ ಶಾಲೆಗೆ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಗಣಿತಕ್ಕೆ ಒಬ್ರು ಗೌರವ ಶಿಕ್ಷಕಿಯನ್ನ ಇಟ್ಟಿದ್ದೇವೆ. ಸಂಬಳಕ್ಕೆ ಒಟ್ಟಾದ ದುಡ್ಡು ಮಾರ್ಚ್‌ವರೆಗೆ ಉಂಟು. ಪೋಸ್ಟ್ ಕೊಡಿ ಅಂತ ಅರ್ಜಿ ಎರಡು ಸಲ ಕೊಟ್ಟಾಗಿದೆ, ಸೋಮವಾರ ಮೂರನೇ ಸಲ ಹೋಗ್ಲಿಕ್ಕುಂಟು, ಅಮ್ಮನೂ ಬರ್ತೇನೆ ಅಂದಿದ್ದಾರೆ.