ನಿಮ್ಮಪ್ಪ ಫ್ರೀಮೇಸನ್ ಅಂತೆ, ಒಳಗೆ ಏನು ಮಾಡ್ತಾರೆ?

ಲಾಡ್ಜ್ ಅಂದರೆ ಕನ್ನಡದಲ್ಲಿ ಏನರ್ಥ ಅಂತ ನಿಮಗೆಲ್ಲ ಗೊತ್ತು. ನನಗೆ ಗೊತ್ತಿರಲಿಲ್ಲ. ಹಾಗಾಗಿ ಚಿಕ್ಕವಳಿದ್ದಾಗ ಮನೆಗೆ ಫೋನ್ ಮಾಡಿದವರಿಗೆಲ್ಲ "ಅಪ್ಪ ಲಾಡ್ಜಿಗೆ ಹೋಗಿದ್ದಾರೆ, ರಾತ್ರಿ ಲೇಟಾಗುತ್ತಂತೆ" ಎಂದು ಹೇಳಿಬಿಡುತ್ತಿದ್ದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರುತ್ತಿರಲಿಲ್ಲ. ಕೊನೆಗೆ ಅಮ್ಮ ಆ ಪದವನ್ನೇ ಮನೆಯಿಂದ ಆಚೆ ಹಾಕಿದರು. "ಮೀಟಿಂಗಿಗೆ ಹೋಗಿದ್ದಾರೆ ಅನ್ನು, ಸಾಕು."

ಅಪ್ಪ ಫ್ರೀಮೇಸನ್, ಅಂದರೆ ಗುಟ್ಟಿನ ವಿಧಿಗಳಿರುವ ಒಂದು ಹಳೆಯ ಸಂಘದ ಸದಸ್ಯ. ಆ ಸಂಘದ ಶಾಖೆಗೆ ಲಾಡ್ಜ್ ಅನ್ನುತ್ತಾರೆ. ಇದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಒಳಗೆ ಏನು ಮಾಡ್ತಾರೆ? ಕೆಲವರು ದನಿ ತಗ್ಗಿಸಿ ಕೇಳುತ್ತಾರೆ. ಕೆಲವರು ಮೊಬೈಲಲ್ಲಿ ಡಾಲರ್ ನೋಟಿನ ಕಣ್ಣನ್ನು ದೊಡ್ಡದು ಮಾಡಿ, ಇದು ಮೇಸನ್ನರ ಗುರುತಂತೆ ಎಂದು ತೋರಿಸಿಕೊಂಡೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ.

ನಾಟಕ ಆಡ್ತಾರೆ. ಆಮೇಲೆ ಊಟ ಮಾಡ್ತಾರೆ. ಅಷ್ಟೇ.

ಇಷ್ಟಕ್ಕೆ ಯಾರೂ ಒಪ್ಪುವುದಿಲ್ಲ, ಗೊತ್ತು. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಮೇಸನ್ ಅಂದರೆ ಕಲ್ಲುಕೆಲಸದವನು. ಬ್ರಿಟನ್ನಿನಲ್ಲಿ ದೊಡ್ಡ ದೊಡ್ಡ ಚರ್ಚು, ಕೋಟೆ ಕಟ್ಟುತ್ತಿದ್ದ ಕಲ್ಲುಕುಟಿಗರಿಗೆ ತಮ್ಮದೇ ಸಂಘಗಳಿದ್ದವು. 1600ರ ಸುಮಾರಿಗೆ ಉಳಿಯನ್ನೇ ಹಿಡಿಯದ ಜನ, ಅಂದರೆ ಜಮೀನ್ದಾರರು, ಓದಿದವರು, ಅದರೊಳಗೆ ಸೇರತೊಡಗಿದರು. 1717ರ ಜೂನ್ 24ರಂದು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಪಕ್ಕದ 'ಗೂಸ್ ಅಂಡ್ ಗ್ರಿಡೈರನ್' ಎಂಬ ಹೆಂಡದಂಗಡಿಯಲ್ಲಿ ನಾಲ್ಕು ಲಾಡ್ಜ್‌ಗಳು ಸೇರಿ ತಮ್ಮ ಮೇಲೊಂದು ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡವು ಅನ್ನುವುದು ಅವರು ಹೇಳಿಕೊಳ್ಳುವ ಕಥೆ. 1723ರಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ನಿಯಮಗಳ ಪುಸ್ತಕ ಬರೆದ. ಅದರಲ್ಲಿ ನನಗೆ ಇಷ್ಟವಾದ ನಿಯಮ ಒಂದಿದೆ: ಲಾಡ್ಜ್ ಒಳಗೆ ಧರ್ಮ ಮತ್ತು ರಾಜಕೀಯದ ಜಗಳ ತರಬೇಡಿ. ಧರ್ಮದ ಹೆಸರಲ್ಲಿ ಕೊಂದು ಕೊಂದು ಸುಸ್ತಾದ ದೇಶ ಅದು, ಅಂಥ ಒಂದು ಕೋಣೆ ಬೇಕು ಅನ್ನಿಸಿರಬೇಕು.

ಕಟ್ಟಡ ಕಟ್ಟುವ ಕೆಲಸ ಹೋಯಿತು, ಸಾಮಾನು ಉಳಿಯಿತು. ಮೂಲೆಮಟ್ಟ ಅಂದರೆ ನೇರ ನಡತೆ. ಕೈವಾರ ಅಂದರೆ ಆಸೆಗೆ ಹಾಕಿಕೊಂಡ ಗೆರೆ. ರಸಮಟ್ಟ ಅಂದರೆ ಎಲ್ಲರೂ ಸಮ. ಒರಟು ಕಲ್ಲು ಅಂದರೆ ಹೊಸಬ. ನಮ್ಮ ಮೇಸ್ತ್ರಿಗಳು ಕೇಳಿದರೆ ನಗುತ್ತಾರೆ, ಕರಣೆಯನ್ನೇ ಮುಟ್ಟದವರು ಇದೆಲ್ಲ ಮಾತಾಡುತ್ತಾರಲ್ಲ ಅಂತ.

ಸೇರುವ ದಿನದ ವಿಧಿ ಮಾತ್ರ ನಿಜಕ್ಕೂ ವಿಚಿತ್ರ. ಹೊಸಬನ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ಕೊರಳಿಗೆ ಹಗ್ಗದ ಕುಣಿಕೆ ಹಾಕುತ್ತಾರೆ, ಎಡಗಾಲಿನ ಪ್ಯಾಂಟ್ ಮಂಡಿವರೆಗೆ ಮಡಚುತ್ತಾರೆ, ಅಂಗಿಯ ಎಡಭಾಗ ಬಿಚ್ಚಿ ಎದೆ ಕಾಣುವಂತೆ ಮಾಡುತ್ತಾರೆ. ಅದಕ್ಕೂ ಮೊದಲು ಮೈಮೇಲಿರುವ ನಾಣ್ಯ, ಉಂಗುರ, ವಾಚು, ಲೋಹದ ಚೂರು ಅನ್ನುವುದನ್ನೆಲ್ಲ ತೆಗೆಸಿರುತ್ತಾರೆ. ಬಾಗಿಲ ಹೊರಗೆ ಒಬ್ಬ ಬಿಚ್ಚುಗತ್ತಿ ಹಿಡಿದು ಕಾವಲು ನಿಂತಿರುತ್ತಾನೆ. ಒಳಗೆ ಕಪ್ಪು-ಬಿಳಿ ಚೌಕದ ನೆಲ, ಪವಿತ್ರ ಗ್ರಂಥ (ಯಾರ ಧರ್ಮ ಯಾವುದೋ ಆ ಗ್ರಂಥ, ಕೆಲವು ಕಡೆ ಬೈಬಲ್, ಕುರಾನ್, ಗೀತೆ ಪಕ್ಕಪಕ್ಕದಲ್ಲೇ ಇರುತ್ತವೆ). ಪ್ರಮಾಣ ಎಲ್ಲ ಮುಗಿದ ಮೇಲೆ ಹೊಸಬನನ್ನು ನಿಲ್ಲಿಸಿಕೊಂಡು ಬಡವರಿಗೆ ಏನಾದರೂ ಕೊಡು ಅಂತ ಕೇಳುತ್ತಾರೆ. ಅವನು ಪಾಪ ಜೇಬು ತಡಕುತ್ತಾನೆ. ಏನೂ ಇರುವುದಿಲ್ಲ, ಇವರೇ ತೆಗೆಸಿದ್ದಾರಲ್ಲ! ಮುಂದೆ ಯಾರಾದರೂ ಕೈಯೊಡ್ಡಿದಾಗ ಈ ಗಳಿಗೆ ನೆನಪಿರಲಿ ಎಂದು ಹೇಳಿ ಬಿಡುತ್ತಾರೆ. ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು, ಆಮೇಲೆ ಸ್ವಲ್ಪ ಹೊತ್ತು ಬರಲಿಲ್ಲ.

ಮೆಟ್ಟಿಲು, ಅಂದರೆ ಅವರ ಮಾತಲ್ಲಿ ಡಿಗ್ರಿ, ಮೂರು. ಮೂರನೆಯದರಲ್ಲಿ ಹಿರಾಮ್ ಅಬಿಫ್‌ನ ಕಥೆ ಆಡಿಸುತ್ತಾರೆ. ಬೈಬಲಿನ ರಾಜ ಸೊಲೊಮನ್ನನ ದೇವಾಲಯ ಕಟ್ಟುತ್ತಿದ್ದ ಮುಖ್ಯ ಮೇಸ್ತ್ರಿ ಅವನು, ಗುಟ್ಟಿನ ಪದ ಹೇಳು ಎಂದು ಮೂವರು ಕೆಲಸಗಾರರು ಅಡ್ಡಗಟ್ಟಿದರೂ ಬಾಯಿ ಬಿಡದೆ ಸಾಯುತ್ತಾನೆ. ಹಿರಾಮನ ಪಾತ್ರ ಹೊಸಬನದ್ದೇ, ಅವನನ್ನು ನೆಲದಲ್ಲಿ ಮಲಗಿಸಿ ಮತ್ತೆ ಎತ್ತಿ ನಿಲ್ಲಿಸುತ್ತಾರೆ. ಪೊಲೀಸರ 'ಥರ್ಡ್ ಡಿಗ್ರಿ' ಅಂತ ಪೇಪರಿನವರು ಬರೆಯುತ್ತಾರಲ್ವಾ, ಆ ಮಾತು ಹುಟ್ಟಿದ್ದು ಈ ಮೂರನೇ ಮೆಟ್ಟಿಲಿಂದಲೇ ಅನ್ನುತ್ತಾರೆ.

ಇದೆಲ್ಲ ಅಪ್ಪ ಹೇಳಿದ್ದಲ್ಲ. ಸ್ಯಾಮುಯೆಲ್ ಪ್ರಿಚರ್ಡ್ ಅನ್ನುವವನು 1730ರಲ್ಲೇ ಒಳಗಿನ ವಿಧಿಗಳನ್ನು ಅಚ್ಚು ಹಾಕಿಸಿ ಮಾರಿದ, ಆಮೇಲೆ ಬರೆದವರಿಗೆ ಲೆಕ್ಕವಿಲ್ಲ. ಅಂದರೆ ಗುಟ್ಟು ಬಯಲಾಗಿ ಹತ್ತಿರ ಹತ್ತಿರ 300 ವರ್ಷ ಆಯಿತು. ಆದರೂ ಅನುಮಾನ ಹೋಗಿಲ್ಲ. ನನಗನ್ನಿಸುವುದು, ಜನರನ್ನು ಕಾಡುವುದು ಒಳಗಿರುವ ವಿಷಯ ಅಲ್ಲವೇ ಅಲ್ಲ, ಮುಚ್ಚಿದ ಬಾಗಿಲು. 1738ರಲ್ಲಿ ಪೋಪ್ ಹನ್ನೆರಡನೇ ಕ್ಲೆಮೆಂಟ್ ಮೇಸನ್ನರಿಗೆ ಬಹಿಷ್ಕಾರ ಹಾಕಿದಾಗಲೂ ಕೊಟ್ಟ ಒಂದು ಕಾರಣ ಇದೇ: ಕೆಟ್ಟದ್ದು ಮಾಡದಿದ್ದರೆ ಬೆಳಕನ್ನು ಕಂಡರೆ ಇಷ್ಟು ದ್ವೇಷ ಯಾಕೆ? ನಮ್ಮ ಪಕ್ಕದ ಮನೆ ಆಂಟಿ ಕೇಳುವುದೂ ಅದನ್ನೇ, ಬೇರೆ ಮಾತಲ್ಲಿ.

ಮುಚ್ಚಿದ ಬಾಗಿಲ ಮುಂದೆ ಯಾರು ಏನು ಬೇಕಾದರೂ ಮಾರಬಹುದು. ಫ್ರಾನ್ಸಿನ ಲಿಯೋ ತಕ್ಸಿಲ್ ಮಾರಿದ. ಮೊದಲು ಚರ್ಚನ್ನು ಬೈದು ಬರೆಯುತ್ತಿದ್ದವನು 1885ರಲ್ಲಿ ಮನಸ್ಸು ಬದಲಾಯಿತು ಎಂದು ಹೇಳಿ ಮೇಸನ್ನರನ್ನು ಬೈಯಲು ಶುರು ಮಾಡಿದ. ಅವರು ಸೈತಾನನನ್ನು ಪೂಜಿಸುತ್ತಾರೆ ಅಂದ. ಡಯಾನಾ ವಾನ್ ಎಂಬ ಹೆಂಗಸು ಅಲ್ಲಿಂದ ತಪ್ಪಿಸಿಕೊಂಡು ಬಂದಿದ್ದಾಳೆ ಅಂದ. ಅವನ ಬಳಗದ ಬರಹದಲ್ಲಿ ದೆವ್ವವೊಂದು ಮೊಸಳೆಯಾಗಿ ಬಂದು ಪಿಯಾನೋ ಬಾರಿಸುತ್ತದೆ. ಜನ ನಂಬಿದರು! ಪೋಪ್ ಅವನಿಗೆ ತಮ್ಮನ್ನು ಕಾಣುವ ಅವಕಾಶ ಕೊಟ್ಟರು. 1897ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ಒಂದು ಸಭೆಯಲ್ಲಿ ಡಯಾನಾಳನ್ನು ತೋರಿಸುತ್ತೇನೆ ಎಂದು ಜನ ಸೇರಿಸಿ, ವೇದಿಕೆ ಹತ್ತಿ, 12 ವರ್ಷದಿಂದ ಹೇಳಿದ್ದೆಲ್ಲ ನನ್ನ ತಮಾಷೆ ಎಂದುಬಿಟ್ಟ. ತಮಾಷೆ ಏನೆಂದರೆ, ಅವನು ಒಪ್ಪಿಕೊಂಡದ್ದು ಮರೆತುಹೋಯಿತು, ಸೈತಾನ ಉಳಿದುಕೊಂಡ. ಇವತ್ತೂ ನನಗೆ ಬರುವ ಫಾರ್ವರ್ಡ್‌ಗಳಲ್ಲಿ ತಕ್ಸಿಲ್‌ನ ಸರಕೇ ಜಾಸ್ತಿ.

ಡಾಲರ್ ನೋಟಿನ ಕಣ್ಣು? ಅದು ಬಂದಿದ್ದು 1782ರ ಅಮೆರಿಕದ ಮುದ್ರೆಯಿಂದ. ದೇವರ ಕಣ್ಣನ್ನು ಹಾಗೆ ಬಿಡಿಸುವುದು ಕ್ರೈಸ್ತ ಚಿತ್ರಗಳಲ್ಲಿ ಅದಕ್ಕೂ ಮೊದಲೇ ಇತ್ತು. ಮೇಸನ್ನರ ಜೊತೆ ಸೇರಿಸಿ ಹೇಳುವ ಇಲ್ಯುಮಿನಾಟಿ? ಅದು ಬೇರೆ ಗುಂಪು, 1776ರಲ್ಲಿ ಈಗಿನ ಜರ್ಮನಿಯ ಬವೇರಿಯಾದಲ್ಲಿ ಹುಟ್ಟಿ ಹತ್ತು ವರ್ಷದೊಳಗೆ ಸರ್ಕಾರದಿಂದ ನಿಷೇಧವಾಯಿತು. ಮುಂದೆ ಹೋಗೋಣ.

ಹಾಗಂತ ಅನುಮಾನ ಪಡುವವರೆಲ್ಲ ದಡ್ಡರು ಅಂತ ನಾನು ಹೇಳುವುದಿಲ್ಲ. ಇದನ್ನು ಅಪ್ಪನಿಗೂ ಹೇಳಿದ್ದೇನೆ. 1826ರಲ್ಲಿ ನ್ಯೂಯಾರ್ಕ್ ರಾಜ್ಯದ ವಿಲಿಯಂ ಮಾರ್ಗನ್ ಗುಟ್ಟುಗಳ ಪುಸ್ತಕ ತರುತ್ತೇನೆ ಅಂದ. ಎರಡು ಚಿಲ್ಲರೆ ಡಾಲರ್ ಸಾಲದ ನೆಪದಲ್ಲಿ ಅವನನ್ನು ಜೈಲಿಗೆ ಹಾಕಿಸಿ, ಯಾರೋ ಸಾಲ ಕಟ್ಟಿ ಬಿಡಿಸಿಕೊಂಡು, ಗಾಡಿಗೆ ಹತ್ತಿಸಿಕೊಂಡು ಹೋದರು. ಮತ್ತೆ ಅವನು ಸಿಗಲೇ ಇಲ್ಲ. ಅಪಹರಿಸಿದವರು ಮೇಸನ್ನರೇ, ಶಿಕ್ಷೆ ಆದದ್ದು ತೀರಾ ಕಡಿಮೆ. ಜನ ಎಷ್ಟು ರೊಚ್ಚಿಗೆದ್ದರು ಅಂದರೆ ಮೇಸನ್ ವಿರೋಧಿ ಪಕ್ಷವೇ ಹುಟ್ಟಿ, 1832ರ ಅಧ್ಯಕ್ಷ ಚುನಾವಣೆಯಲ್ಲಿ ವರ್ಮಾಂಟ್ ರಾಜ್ಯವನ್ನು ಗೆದ್ದಿತು. ಇನ್ನು ಇಟಲಿಯ ಪಿ2 ಎಂಬ ಲಾಡ್ಜ್. 1981ರಲ್ಲಿ ಅದರ ಮುಖ್ಯಸ್ಥ ಲಿಚೊ ಜೆಲ್ಲಿ ಎಂಬವನ ಜಾಗಗಳಲ್ಲಿ ಪೊಲೀಸರು ಹುಡುಕಿದಾಗ 962 ಹೆಸರುಗಳ ಪಟ್ಟಿ ಸಿಕ್ಕಿತು. ಮಂತ್ರಿಗಳು, ಸೇನಾಧಿಕಾರಿಗಳು, ಬೇಹುಗಾರಿಕೆಯ ಮುಖ್ಯಸ್ಥರು. ಸರ್ಕಾರವೇ ಬಿತ್ತು. ಅಲ್ಲಿನ ಮೇಸನ್ನರು ಆ ಲಾಡ್ಜನ್ನು 1976ರಲ್ಲೇ ಹೊರಗಿಟ್ಟಿದ್ದೆವು ಅಂದರು. ನಿಜವೇ, ಆದರೆ ಆ ಹೊತ್ತಿಗೆ ಯಾರಿಗೆ ಕೇಳಿಸುತ್ತೆ?

ಹಾಗಾಗಿ ಭಯಪಡಬೇಕಾದ್ದು ಸೈತಾನನಿಗಲ್ಲ, 'ನಮ್ಮವನು' ಅನ್ನುವ ಮಾತಿಗೆ. ಜಡ್ಜು, ಪೊಲೀಸ್, ಕಂಟ್ರಾಕ್ಟರ್ ಮೂವರೂ ಒಂದೇ ಕೋಣೆಯಲ್ಲಿ 'ಬ್ರದರ್' ಆಗಿದ್ದರೆ ಹೊರಗಿರುವವನಿಗೆ ಪ್ರಶ್ನೆ ಏಳುತ್ತದೆ, ಏಳಬೇಕು ಕೂಡ. ಇಂಗ್ಲೆಂಡಿನಲ್ಲಿ 1998ರಿಂದ ಕೆಲವು ವರ್ಷ ಹೊಸ ಜಡ್ಜುಗಳು ತಾವು ಮೇಸನ್ನರೋ ಅಲ್ಲವೋ ಹೇಳಬೇಕಿತ್ತು, 2009ರಲ್ಲಿ ಅದನ್ನು ಕೈಬಿಟ್ಟರು. ಜಾತಿ ಸಂಘಕ್ಕೂ ಕ್ಲಬ್ಬಿಗೂ ಇದೇ ಪ್ರಶ್ನೆ ಕೇಳಬಹುದಲ್ಲ ಎನ್ನುತ್ತಾರೆ ಅಪ್ಪ. ಕೇಳಬಹುದು. ಆದರೆ ಅಲ್ಲಿ ಬಾಗಿಲಲ್ಲಿ ಕತ್ತಿ ಹಿಡಿದು ಯಾರೂ ನಿಂತಿರುವುದಿಲ್ಲ, ನೋಡುವವರಿಗೆ ಅಷ್ಟು ಸಾಕು.

ಲಾಡ್ಜ್‌ನಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಅಪ್ಪನ ಏಪ್ರನ್ ಇರುವುದು ಒಂದು ಚಪ್ಪಟೆ ಕಪ್ಪು ಪೆಟ್ಟಿಗೆಯಲ್ಲಿ. ಬಿಳಿ ಕುರಿಚರ್ಮ, ಅಂಚಿಗೆ ತಿಳಿನೀಲಿ ರಿಬ್ಬನ್, ಜೊತೆಗೆ ಒಂದು ಜೊತೆ ಬಿಳಿ ಗ್ಲೌಸು, ಮೂಲೆಯಲ್ಲಿ ನುಸಿಗುಳಿಗೆ. ಗ್ಲೌಸನ್ನು ಅಮ್ಮ ಎಷ್ಟೋ ಸಲ ಒಗೆದು ಬಾಲ್ಕನಿಯಲ್ಲಿ ಒಣಹಾಕಿದ್ದಾರೆ, ಎಲ್ಲರಿಗೂ ಕಾಣುವಂತೆ.

ಒಮ್ಮೆ ಮಾತ್ರ ನೇರವಾಗಿ ಕೇಳಿದ್ದೆ. "ಆ ಗುಟ್ಟಿನ ಪದ ಯಾವುದು ಅಪ್ಪ?"

"ನೆಟ್ಟಲ್ಲಿ ಹುಡುಕು, ಸಿಗುತ್ತೆ" ಅಂದರು.

"ಹಾಗಿದ್ರೆ ನೀವೇ ಹೇಳಬಹುದಲ್ಲ?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ ಮಗಳೇ. ನಿನಗೆ ಸಿಕ್ಕಿದರೆ ಅದು ನಿನ್ನ ಕೆಲಸ."

ನಾನು ಆಗಲೇ ಹುಡುಕಿ ಆಗಿತ್ತು. ಅದನ್ನು ಅವರಿಗೆ ಇನ್ನೂ ಹೇಳಿಲ್ಲ.